ಮುನ್ನೂರು ರೂಪಾಯಿ ದಂಡದಿಂದ ಜೀವಾವಧಿಯವರೆಗೆ: ನೋಟಿನ ನಕಲಿನ ಕಾನೂನು

ಜಾತ್ರೆಯ ಆಟಿಕೆ ಅಂಗಡಿಯಲ್ಲಿ, ಬಲೂನು ಪೀಪಿಗಳ ನಡುವೆ, ರಬ್ಬರ್ ಬ್ಯಾಂಡ್ ಹಾಕಿದ ನೋಟಿನ ಕಟ್ಟುಗಳೂ ನೇತಾಡುತ್ತಿರುತ್ತವೆ. ಬಣ್ಣ ಅಸಲಿಯದ್ದೇ, ಗಾತ್ರ ಹೆಚ್ಚುಕಡಿಮೆ ಅದೇ. ರಿಸರ್ವ್ ಬ್ಯಾಂಕಿನ ಹೆಸರಿರಬೇಕಾದ ಜಾಗದಲ್ಲಿ ಮಾತ್ರ ‘ಚಿಲ್ಡ್ರನ್ ಬ್ಯಾಂಕ್ ಆಫ್ ಇಂಡಿಯಾ’ ಎಂದಿರುತ್ತದೆ. ಇಂಥದೇ ಕಾಗದ 2017ರ ಫೆಬ್ರವರಿಯಲ್ಲಿ ದೆಹಲಿಯ ಸಂಗಮ್ ವಿಹಾರದ ಎಟಿಎಂ ಒಂದರಿಂದ 2000 ರೂಪಾಯಿ ನೋಟಾಗಿ ಹೊರಬಂತು. 2024ರ ಸೆಪ್ಟೆಂಬರಿನಲ್ಲಿ ಅಹಮದಾಬಾದಿನ ಚಿನ್ನದ ವ್ಯಾಪಾರಿಯೊಬ್ಬರು 2,100 ಗ್ರಾಂ ಚಿನ್ನ ಕೊಟ್ಟು ಪಡೆದ ಕಟ್ಟುಗಳಲ್ಲಿ ಗಾಂಧೀಜಿಯ ಬದಲು ನಟ ಅನುಪಮ್ ಖೇರ್ ಮುಖವಿತ್ತು. ಬ್ಯಾಂಕಿನ ಹೆಸರು ‘ರಿಸೋಲ್ ಬ್ಯಾಂಕ್ ಆಫ್ ಇಂಡಿಯಾ’.

ಜಾತ್ರೆಯಲ್ಲಿ, ಎಟಿಎಂನಲ್ಲಿ, ಚಿನ್ನದ ವ್ಯವಹಾರದಲ್ಲಿ ಕಾಗದ ಒಂದೇ ಜಾತಿಯದು. ಆದರೆ ಅದನ್ನು ಮುದ್ರಿಸಿದವರಿಗೆ ಕಾನೂನು ಕೊಡಬಹುದಾದ ಶಿಕ್ಷೆ ಒಂದು ತುದಿಯಲ್ಲಿ 300 ರೂಪಾಯಿ ದಂಡ, ಇನ್ನೊಂದು ತುದಿಯಲ್ಲಿ ಜೀವಾವಧಿ ಸಜೆ. ನಡುವೆ ಮೆಟ್ಟಿಲುಗಳೇ ಇಲ್ಲವೆನ್ನುವಷ್ಟು ಕಡಿಮೆ. ಮದುವೆ ಕರೆಯೋಲೆಯನ್ನು 500ರ ನೋಟಿನಂತೆ ಮಾಡಿಕೊಡಿ ಎಂದು ಗಿರಾಕಿ ಕೇಳಿದಾಗ ಪ್ರೆಸ್ಸಿನವರು ಏನು ಮಾಡಬೇಕು ಎಂಬ ಪ್ರಶ್ನೆಗೆ ಇವತ್ತಿಗೂ ನೇರ ಉತ್ತರ ಸಿಗದಿರುವುದು ಇದರಿಂದಲೇ.

ಐದು ಕಲಂ, ಒಂದು ವ್ಯಾಖ್ಯೆ

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಖೋಟಾನೋಟಿನ ಕಲಂಗಳು 178ರಿಂದ 182. ಹಳೆಯ ಐಪಿಸಿಯ 489-ಎ ಇಂದ 489-ಇ ವರೆಗಿನವೇ ಇವು. ಅವುಗಳಲ್ಲಿ ಮೊದಲ ನಾಲ್ಕನ್ನು 1899ರ ಕಾಯ್ದೆಯೊಂದು ಸೇರಿಸಿತ್ತು, ಕೊನೆಯದು ಬಂದದ್ದು 1943ರಲ್ಲಿ. ಹೊಸ ಸಂಹಿತೆ ನಾಣ್ಯ ಮತ್ತು ಸರ್ಕಾರಿ ಸ್ಟಾಂಪುಗಳನ್ನೂ ಮೊದಲ ನಾಲ್ಕು ಕಲಂಗಳೊಳಗೆ ತಂದಿದೆ.

ಖೋಟಾನೋಟು ತಯಾರಿಸುವುದು 178. ಖೋಟಾ ಎಂದು ಗೊತ್ತಿದ್ದೂ ಅಸಲಿಯೆಂದು ಚಲಾಯಿಸುವುದು, ಮಾರುವುದು, ಕೊಳ್ಳುವುದು 179. ಎರಡಕ್ಕೂ ಜೀವಾವಧಿ, ಇಲ್ಲವೇ ಹತ್ತು ವರ್ಷದವರೆಗೆ ಸಜೆ, ಜೊತೆಗೆ ದಂಡ. ಚಲಾಯಿಸುವ ಉದ್ದೇಶದಿಂದ ಇಟ್ಟುಕೊಳ್ಳುವುದು 180, ಏಳು ವರ್ಷದವರೆಗೆ. ಯಂತ್ರ, ಅಚ್ಚು, ಸಾಮಗ್ರಿ ಹೊಂದಿರುವುದು 181, ಮತ್ತೆ ಜೀವಾವಧಿವರೆಗೆ. ಮನೆಯಲ್ಲಿ ಕಲರ್ ಪ್ರಿಂಟರ್ ಇದ್ದ ಮಾತ್ರಕ್ಕೆ 181 ಅಂಟುವುದಿಲ್ಲ; ಅದು ಖೋಟಾನೋಟಿಗಾಗಿಯೇ ಇದೆ ಎಂಬ ತಿಳಿವಳಿಕೆ ರುಜುವಾಗಬೇಕು. ಆದರೆ ಭದ್ರತಾ ದಾರ ಹಾಕಿದ ಕಾಗದ ಸಿಕ್ಕಿದರೆ ವಿವರಣೆ ಕೊಡುವುದು ಕಷ್ಟ. ನೋಟಿನ ಕಾಗದ ಅಂಗಡಿಯಲ್ಲಿ ಸಿಗುವ ಸರಕಲ್ಲ. ಮೈಸೂರಿನ ಕಾಗದ ಕಾರ್ಖಾನೆಯಿಂದ, ಅದೇ ಊರಿನಲ್ಲಿ 2022ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ, ವರ್ಷಕ್ಕೆ 1,500 ಟನ್ ಸಾಮರ್ಥ್ಯದ ‘ವರ್ಣಿಕಾ’ ಶಾಯಿ ಘಟಕದವರೆಗೆ ಎಲ್ಲವನ್ನೂ ಬೇಲಿಯೊಳಗೆ ಇಟ್ಟಿರುವುದು ಇದಕ್ಕಾಗಿಯೇ.

ಇಡೀ ವ್ಯವಸ್ಥೆ ನಿಂತಿರುವುದು ‘ಖೋಟಾ’ ಎಂಬುದರ ವ್ಯಾಖ್ಯೆಯ ಮೇಲೆ. ಒಂದು ವಸ್ತು ಇನ್ನೊಂದನ್ನು ಹೋಲುವಂತೆ ಮಾಡಿ, ಆ ಹೋಲಿಕೆಯಿಂದ ಮೋಸ ಮಾಡುವ ಉದ್ದೇಶವಿರಬೇಕು, ಅಥವಾ ಮೋಸವಾದೀತು ಎಂಬ ಅರಿವಿರಬೇಕು. ನಕಲು ಅಚ್ಚುಕಟ್ಟಾಗಿರಲೇಬೇಕೆಂದಿಲ್ಲ. ಸಾಮಾನ್ಯರು ಮೋಸಹೋಗುವಷ್ಟು ಹೋಲಿಕೆಯಿದ್ದರೆ ಉದ್ದೇಶವಿತ್ತೆಂದೇ ನ್ಯಾಯಾಲಯ ಊಹಿಸಬೇಕು. ಅಲ್ಲವೆಂದು ತೋರಿಸುವ ಹೊಣೆ ಆರೋಪಿಯದು. ಹಾಗಾಗಿ ‘ಕಾಗದ ಸರಿಯಿಲ್ಲ, ವಾಟರ್‌ಮಾರ್ಕ್ ಇಲ್ಲ, ಇದೆಂಥ ಖೋಟಾನೋಟು’ ಎಂಬ ವಾದ ಹೆಚ್ಚು ದೂರ ಹೋಗುವುದಿಲ್ಲ. ವಿದೇಶಿ ನೋಟಿಗೂ ಇದೇ ಕಾನೂನು. ಅಮೆರಿಕದ ಡಾಲರ್ ನಕಲು ಮಾಡಿದರೂ 489-ಎ ಅನ್ವಯಿಸುತ್ತದೆ ಎಂದು ಸುಪ್ರೀಂ ಕೋರ್ಟ್ 1986ರಲ್ಲೇ, ಕೇರಳದ ಮಥಾಯಿ ವರ್ಗೀಸ್ ಪ್ರಕರಣದಲ್ಲಿ ಹೇಳಿದೆ. ಉನ್ನತ ಗುಣಮಟ್ಟದ ಖೋಟಾನೋಟಿನ ತಯಾರಿಕೆ, ಸಾಗಣೆಗಳಿಂದ ದೇಶದ ಹಣಕಾಸಿನ ಸ್ಥಿರತೆಗೆ ಪೆಟ್ಟು ಕೊಡುವುದನ್ನು ಯುಎಪಿಎ ಕಾಯ್ದೆ (ಕಾನೂನುಬಾಹಿರ ಚಟುವಟಿಕೆ ತಡೆ ಕಾಯ್ದೆ) ಭಯೋತ್ಪಾದನೆಯ ಪಟ್ಟಿಗೇ ಸೇರಿಸಿದೆ. ಅದು ಬೇರೆಯೇ ಲೋಕ.

ಉಳಿದದ್ದು 182. ಜಾತ್ರೆಯ ಕಟ್ಟು, ಮದುವೆ ಕಾರ್ಡು, ಸಿನಿಮಾ ಸೆಟ್ಟಿನ ಸೂಟ್‌ಕೇಸು ಎಲ್ಲವೂ ಬಂದು ಬೀಳುವುದು ಇಲ್ಲಿ. ನೋಟೆಂದು ತೋರಿಸಿಕೊಳ್ಳುವ, ‘ಯಾವುದೇ ರೀತಿಯಲ್ಲಿ’ ನೋಟನ್ನು ಹೋಲುವ, ಅಥವಾ ಮೋಸವಾಗುವಷ್ಟು ಹತ್ತಿರದಿಂದ ಹೋಲುವ ದಸ್ತಾವೇಜನ್ನು ಮಾಡುವುದು, ಮಾಡಿಸುವುದು, ‘ಯಾವುದೇ ಉದ್ದೇಶಕ್ಕೆ’ ಬಳಸುವುದು, ಯಾರಿಗಾದರೂ ಕೊಡುವುದು ಅಪರಾಧ. ‘ಅಥವಾ’ ಎಂಬ ಪದವನ್ನು ಗಮನಿಸಿ. ಮೋಸದ ಉದ್ದೇಶವೇ ಬೇಕಿಲ್ಲ, ಹೋಲಿಕೆಯೊಂದೇ ಸಾಕು. ಇಷ್ಟು ಅಗಲವಾದ ಬಲೆಗೆ ಶಿಕ್ಷೆ ಗರಿಷ್ಠ 300 ರೂಪಾಯಿ ದಂಡ. 1943ರಲ್ಲಿ ಅದು 100 ರೂಪಾಯಿ ಇತ್ತು, ಆಗಿನ ಕಾಲಕ್ಕೆ ಭಾರಿ ಮೊತ್ತ. ಎಂಬತ್ತು ವರ್ಷದ ನಂತರ ಸಂಹಿತೆಯನ್ನೇ ಹೊಸದಾಗಿ ಬರೆಯುವಾಗ ಅದನ್ನು ಮೂರು ಪಟ್ಟು ಮಾಡಿ ಕೈತೊಳೆದುಕೊಂಡರು. ಸಾಲದ್ದಕ್ಕೆ ಇದು ಅಸಂಜ್ಞೇಯ ಅಪರಾಧ: ಮ್ಯಾಜಿಸ್ಟ್ರೇಟರ ಅನುಮತಿಯಿಲ್ಲದೆ ಪೊಲೀಸರು ತನಿಖೆ ಶುರುಮಾಡುವಂತಿಲ್ಲ.

ನೋಟಿನ ಚಿತ್ರ ಯಾರ ಸ್ವತ್ತು

ಕೃತಿಸ್ವಾಮ್ಯದ (ಕಾಪಿರೈಟ್) ಕಡೆ ತಿರುಗಿದರೆ ಚಿತ್ರ ಬೇರೆ. ರಿಸರ್ವ್ ಬ್ಯಾಂಕ್ ಕಾಯ್ದೆಯ 22ನೇ ಕಲಂ ನೋಟು ಹೊರಡಿಸುವ ಏಕೈಕ ಹಕ್ಕನ್ನು ಬ್ಯಾಂಕಿಗೆ ಕೊಟ್ಟಿದೆ. 25ನೇ ಕಲಂ ಪ್ರಕಾರ ವಿನ್ಯಾಸ, ಆಕಾರ, ಕಾಗದ ಯಾವುದಿರಬೇಕೆಂದು ಬ್ಯಾಂಕಿನ ಕೇಂದ್ರ ಮಂಡಳಿ ಶಿಫಾರಸು ಮಾಡುತ್ತದೆ, ಕೇಂದ್ರ ಸರ್ಕಾರ ಒಪ್ಪಿಗೆ ಕೊಡುತ್ತದೆ. ಕೃತಿಸ್ವಾಮ್ಯದ ಮಾತು ಈ ಕಲಂಗಳಲ್ಲಿ ಇಲ್ಲ. ಅದು 1957ರ ಕೃತಿಸ್ವಾಮ್ಯ ಕಾಯ್ದೆಯಿಂದ ಬರಬೇಕು. ನೋಟಿನ ಚಿತ್ರ ‘ಕಲಾಕೃತಿ’ ಎನ್ನುವುದರಲ್ಲಿ ತಕರಾರಿಲ್ಲ. ಕೇಂದ್ರ ಕಾಯ್ದೆಯಿಂದ ಹುಟ್ಟಿದ ಸಂಸ್ಥೆಗಾಗಿ ಅಥವಾ ಅದರ ನಿರ್ದೇಶನದಲ್ಲಿ ಆದ ಕೃತಿಗೆ, ಬೇರೆ ಒಪ್ಪಂದವಿಲ್ಲದಿದ್ದರೆ, ಆ ಸಂಸ್ಥೆಯೇ ಮೊದಲ ಒಡೆಯ. ಅವಧಿ, ಪ್ರಕಟವಾದ ಮರುವರ್ಷದ ಆರಂಭದಿಂದ 60 ವರ್ಷ. ಈ ಲೆಕ್ಕದಲ್ಲಿ 1960ರಲ್ಲಿ ಹೊರಬಂದ ವಿನ್ಯಾಸದ ಸ್ವಾಮ್ಯ 2020ರ ಡಿಸೆಂಬರಿಗೆ ಮುಗಿಯಿತು. ಒಂದು ರೂಪಾಯಿ ನೋಟು ಮಾತ್ರ ಬೇರೆ. ಅದನ್ನು ಹೊರಡಿಸುವುದು ಕೇಂದ್ರ ಸರ್ಕಾರ, ಸಹಿ ಹಣಕಾಸು ಕಾರ್ಯದರ್ಶಿಯದು. ಹಾಗಾಗಿ ಅದು ‘ಸರ್ಕಾರಿ ಕೃತಿ’, ಅವಧಿ ಅಷ್ಟೇ.

ಕೃತಿಸ್ವಾಮ್ಯ ಯಾವುದಕ್ಕೆ ಅಂಟುತ್ತದೆ, ಯಾವುದಕ್ಕಿಲ್ಲ ಎಂಬುದನ್ನು ನೋಡಲು ಜೇಬಿನಲ್ಲಿರುವ 50 ರೂಪಾಯಿ ನೋಟೇ ಸಾಕು. 66 ಮಿಲಿಮೀಟರ್ ಅಗಲ, 135 ಉದ್ದ, ಹೊಳೆಯುವ ನೀಲಿ. ಹಿಂಬದಿಯಲ್ಲಿ ಹಂಪಿಯ ಕಲ್ಲಿನ ರಥ. ವಿಜಯನಗರದ ಶಿಲ್ಪಿಗಳು ಕಟ್ಟಿದ ರಥಕ್ಕೆ ಯಾರ ಕೃತಿಸ್ವಾಮ್ಯವೂ ಇಲ್ಲ. ನೀವು ಹೋಗಿ ಕುಳಿತು ಅದನ್ನು ಬರೆದುಕೊಂಡು ಟೀ ಶರ್ಟಿನ ಮೇಲೆ ಅಚ್ಚು ಹಾಕಿಸಿದರೆ ರಿಸರ್ವ್ ಬ್ಯಾಂಕಿಗೆ ಕೇಳುವ ಹಕ್ಕಿಲ್ಲ. ಆದರೆ ನೋಟಿನಲ್ಲಿರುವುದು ಆ ರಥವನ್ನು ಸಣ್ಣ ಸಣ್ಣ ಗೆರೆಗಳಿಂದ ಬರೆದ ಒಂದು ನಿರ್ದಿಷ್ಟ ರೇಖಾಚಿತ್ರ, ಸುತ್ತಲೂ ಬಳ್ಳಿಯಂತೆ ಹೆಣೆದ ಜ್ಯಾಮಿತಿಯ ಗೆರೆಗಳು, ಪಕ್ಕದಲ್ಲಿ ‘ಐವತ್ತು ರೂಪಾಯಿಗಳು’ ಎಂದು ಕನ್ನಡವೂ ಇರುವ ಭಾಷಾ ಪಟ್ಟಿ. ಸ್ವಾಮ್ಯವಿರುವುದು ಆ ಗೆರೆಗೆ, ಆ ಜೋಡಣೆಗೆ. ಸ್ಕ್ಯಾನ್ ಮಾಡಿ ಅದನ್ನೇ ಎತ್ತಿಕೊಂಡರೆ ಉಲ್ಲಂಘನೆ.

ವಿಚಿತ್ರವಿರುವುದು ಶಿಕ್ಷೆಯಲ್ಲಿ. ಕೃತಿಸ್ವಾಮ್ಯ ಕಾಯ್ದೆಯ 63ನೇ ಕಲಂನಡಿ ಬೇಕೆಂದೇ ಮಾಡಿದ ಉಲ್ಲಂಘನೆಗೆ ಆರು ತಿಂಗಳಿಂದ ಮೂರು ವರ್ಷ ಸಜೆ, 50 ಸಾವಿರದಿಂದ 2 ಲಕ್ಷ ರೂಪಾಯಿ ದಂಡ. ವ್ಯಾಪಾರದ ಲಾಭಕ್ಕಲ್ಲದಿದ್ದರೆ ಮಾತ್ರ ನ್ಯಾಯಾಲಯ ಇಳಿಸಬಹುದು. ಅಲ್ಲದೆ ಅದು ಸಂಜ್ಞೇಯ, ಜಾಮೀನುರಹಿತ ಎಂದು ಸುಪ್ರೀಂ ಕೋರ್ಟ್ 2022ರ ಮೇ ತಿಂಗಳಲ್ಲಿ ನಿಟ್ ಪ್ರೊ ಪ್ರಕರಣದಲ್ಲಿ ಹೇಳಿತು. ಎಂದರೆ, ನೋಟಿನ ಚಿತ್ರ ಕದ್ದು ಆಟಿಕೆ ಮಾಡಿ ಮಾರಿದವರಿಗೆ ನ್ಯಾಯ ಸಂಹಿತೆ ಹಾಕುವ ಗರಿಷ್ಠ ದಂಡಕ್ಕಿಂತ ಕೃತಿಸ್ವಾಮ್ಯ ಕಾಯ್ದೆಯ ಕನಿಷ್ಠ ದಂಡ ನೂರೈವತ್ತು ಪಟ್ಟಿಗೂ ಹೆಚ್ಚು. ದೇಶದ ನಾಣ್ಯವ್ಯವಸ್ಥೆಯನ್ನು ಕಾಯಲು ಬರೆದ ಕಲಂಗಿಂತ ಕವಿಯ, ಚಿತ್ರಕಾರನ ಹೊಟ್ಟೆಪಾಡು ಕಾಯಲು ಬರೆದ ಕಲಂ ಬಲವಾಗಿದೆ. ಇದು ಯಾರೋ ಯೋಚಿಸಿ ಮಾಡಿದ್ದಲ್ಲ. ಒಂದನ್ನು ಕಾಲಕಾಲಕ್ಕೆ ತಿದ್ದಿದರು, ಇನ್ನೊಂದನ್ನು ಮರೆತರು.

ಹಾಗೆಂದು ಕೃತಿಸ್ವಾಮ್ಯವೇ ಮದ್ದು ಎನ್ನಲಾಗದು. ಸ್ವಂತವಾಗಿ ಬರೆದ ನೋಟು, ಅಂದರೆ 500ರದ್ದರಂತೆ ಬಣ್ಣ ಬೂದು, ಉದ್ದ 150 ಮಿ.ಮೀ., ಮಧ್ಯೆ ಕನ್ನಡಕದ ತಾತ, ಆದರೆ ಒಂದು ಗೆರೆಯೂ ಕದ್ದದ್ದಲ್ಲ ಎನ್ನುವಂಥದ್ದು ಸ್ವಾಮ್ಯದ ಉಲ್ಲಂಘನೆ ಆಗದೆಯೂ ಸಂಜೆಗತ್ತಲಲ್ಲಿ ಎಳನೀರು ಮಾರುವವರನ್ನು ಮೋಸಗೊಳಿಸೀತು. ಕೃತಿಸ್ವಾಮ್ಯ ಕೇಳುವುದು ‘ಯಾರದ್ದನ್ನು ಎತ್ತಿಕೊಂಡೆ’ ಎಂದು. ಖೋಟಾ ಕಾನೂನು ಕೇಳುವುದು ‘ಯಾರನ್ನು ನಂಬಿಸಿದೆ’ ಎಂದು.

ಅಳತೆಪಟ್ಟಿ ಇಟ್ಟವರು

ಬೇರೆ ದೇಶಗಳು ಈ ನಡುವಿನ ಜಾಗಕ್ಕೆ ಸೆಂಟಿಮೀಟರ್ ಲೆಕ್ಕದಲ್ಲಿ ನಿಯಮ ಮಾಡಿಕೊಂಡಿವೆ. ಯೂರೋ ನೋಟಿನ ವಿನ್ಯಾಸದ ಸ್ವಾಮ್ಯ ಯೂರೋಪಿಯನ್ ಸೆಂಟ್ರಲ್ ಬ್ಯಾಂಕಿನದು. ಅದರ 2013ರ ನಿರ್ಣಯದ ಪ್ರಕಾರ ಒಂದು ಬದಿಯಷ್ಟೇ ಮುದ್ರಿಸುವುದಾದರೆ ಉದ್ದ ಅಗಲ ಎರಡೂ ಅಸಲಿಯ ಶೇ 125ಕ್ಕಿಂತ ಕಡಿಮೆಯಿರಬಾರದು, ಇಲ್ಲವೇ ಶೇ 75ಕ್ಕಿಂತ ಹೆಚ್ಚಿರಬಾರದು. ಎರಡೂ ಬದಿಯಾದರೆ ಶೇ 200ಕ್ಕೆ ಮೇಲೆ ಅಥವಾ ಶೇ 50ಕ್ಕೆ ಕೆಳಗೆ. ಜಾಲತಾಣದಲ್ಲಿ ಹಾಕುವ ಚಿತ್ರಕ್ಕೆ ಅಡ್ಡಲಾಗಿ ‘ಸ್ಪೆಸಿಮೆನ್’ (ಮಾದರಿ) ಎಂದಿರಬೇಕು; ಆ ಪದ ಚಿತ್ರದ ಉದ್ದದ ಶೇ 75, ಅಗಲದ ಶೇ 15ರಷ್ಟಾದರೂ ಇರಬೇಕು. ಪೂರ್ಣ ಗಾತ್ರದಲ್ಲಿ ರೆಸೊಲ್ಯೂಶನ್ 72 ಡಿಪಿಐ (ಇಂಚಿಗೆ ಇಷ್ಟು ಚುಕ್ಕೆ ಎಂಬ ಲೆಕ್ಕ) ದಾಟಬಾರದು. ಅಮೆರಿಕದಲ್ಲಿ ಫೆಡರಲ್ ಸರ್ಕಾರದ ಕೃತಿಗೆ ಕೃತಿಸ್ವಾಮ್ಯವೇ ಇಲ್ಲ, ಆದ್ದರಿಂದ ಎಲ್ಲ ಹೊರೆ ಖೋಟಾ ಕಾನೂನಿನ ಮೇಲೆ: ಬಣ್ಣದ ಚಿತ್ರ ಮುಕ್ಕಾಲಿಗಿಂತ ಚಿಕ್ಕದಿರಬೇಕು ಅಥವಾ ಒಂದೂವರೆ ಪಟ್ಟಿಗಿಂತ ದೊಡ್ಡದಿರಬೇಕು, ಒಂದೇ ಬದಿ, ಕೆಲಸ ಮುಗಿದ ಮೇಲೆ ಫೈಲು, ಪ್ಲೇಟು ನಾಶ.

ಬ್ರಿಟನ್ ಎರಡನ್ನೂ ಹಿಡಿದುಕೊಂಡಿದೆ. ನೋಟಿನ ಮೇಲೆಯೇ ಬ್ಯಾಂಕ್ ಆಫ್ ಇಂಗ್ಲೆಂಡಿನ ಕೃತಿಸ್ವಾಮ್ಯದ ಗುರುತಿರುತ್ತದೆ. 1981ರ ಕಾಯ್ದೆಯ 18ನೇ ಕಲಂ ಪ್ರಕಾರ ಯಾವ ಅಳತೆಯಲ್ಲೇ ಆಗಲಿ, ಅನುಮತಿಯಿಲ್ಲದೆ ನೋಟನ್ನು ಪುನರ್ಮುದ್ರಿಸುವುದೇ ಅಪರಾಧ. ಇದೇ ಕಲಂನಡಿ ಜೆ.ಎಸ್.ಜಿ. ಬಾಗ್ಸ್ ಎಂಬ ಕಲಾವಿದನನ್ನು ನ್ಯಾಯಾಲಯಕ್ಕೆ ಎಳೆದರು. ಕೈಯಲ್ಲಿ ನೋಟಿನ ಚಿತ್ರ ಬರೆದು, ಇದು ಚಿತ್ರವೆಂದು ಹೇಳಿಯೇ ಅದನ್ನು ಕೊಟ್ಟು ಊಟ ಪಡೆಯುವವನು ಆತ. 1987ರಲ್ಲಿ ಲಂಡನ್ನಿನ ಓಲ್ಡ್ ಬೇಲಿ ನ್ಯಾಯಾಲಯದಲ್ಲಿ ಜ್ಯೂರಿ ಆತನನ್ನು ಬಿಟ್ಟುಬಿಟ್ಟಿತು.

ಇನ್ನು ಆಸ್ಟ್ರೇಲಿಯಾದ ಕಥೆ ತಿರುಗುಮುರುಗು. 1966ರಲ್ಲಿ ಬಂದ ಒಂದು ಡಾಲರ್ ನೋಟಿನ ಮೇಲೆ ಮೂಲನಿವಾಸಿ ಚಿತ್ರಕಾರ ಡೇವಿಡ್ ಮಲಂಗಿ ಮರದ ತೊಗಟೆಯ ಮೇಲೆ ಬರೆದ ಚಿತ್ರವಿತ್ತು. ಆತನನ್ನು ಕೇಳಿರಲೇ ಇಲ್ಲ. ವಿಷಯ ಹೊರಬಿದ್ದ ಮೇಲೆ ಅಲ್ಲಿನ ರಿಸರ್ವ್ ಬ್ಯಾಂಕಿನ ಗವರ್ನರ್ 1000 ಡಾಲರ್, ಒಂದು ಪದಕ, ಮೀನು ಹಿಡಿಯುವ ಸಲಕರಣೆ ಕೊಟ್ಟು ಸಮಾಧಾನ ಮಾಡಿದರು. ನೋಟನ್ನು ಕದಿಯುವವರ ಬಗ್ಗೆಯೇ ಮಾತಾಡುತ್ತೇವೆ. ಇಲ್ಲಿ ನೋಟೇ ಕದ್ದಿತ್ತು.

ನಮ್ಮ 182ರಲ್ಲಿ ಇಂಥ ಅಳತೆ ಒಂದೂ ಇಲ್ಲ. ಇಷ್ಟು ಚಿಕ್ಕದಾದರೆ ಸರಿ, ಇಷ್ಟು ದೊಡ್ಡದಾದರೆ ಸರಿ ಎಂದು ಬರೆದಿಲ್ಲ. ಸುದ್ದಿಗೆ, ಪಾಠಕ್ಕೆ ವಿನಾಯಿತಿಯೂ ಇಲ್ಲ. ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಂ ವರದಿ, ವಿಮರ್ಶೆಗಳಿಗೆ ದಾರಿ ಬಿಡುತ್ತದೆ, 182 ಬಿಡುವುದಿಲ್ಲ. ಅಕ್ಷರಶಃ ಓದಿದರೆ 2023ರ ಮೇ 19ರಂದು 2000ದ ನೋಟು ಹಿಂಪಡೆದ ಸುದ್ದಿಗೆ ನೋಟಿನ ಚಿತ್ರ ಹಾಕಿದ ಪ್ರತಿ ಪತ್ರಿಕೆಯೂ ಇದರ ಅಂಚಿನಲ್ಲಿದೆ. ಯಾರೂ ಕೇಸು ಹಾಕಲಾರರು, ನಿಜ. ಆದರೆ ಯಾರ ಮೇಲೆ ಬೇಕಾದರೂ ಹಾಕಬಹುದಾದ, ಹಾಕಿದರೂ ಏನೂ ಆಗದ ಕಲಂ ಕಾನೂನಿನ ಪುಸ್ತಕದಲ್ಲಿ ಇರಲೇಬಾರದು.

ಹೊಸ ಸಂಹಿತೆ ತಿಳಿದೋ ತಿಳಿಯದೆಯೋ ಒಂದು ತಿರುವು ಕೊಟ್ಟಿದೆ. ‘ದಸ್ತಾವೇಜು’ ಎಂಬುದರ ವ್ಯಾಖ್ಯೆಗೆ ಎಲೆಕ್ಟ್ರಾನಿಕ್ ಮತ್ತು ಡಿಜಿಟಲ್ ದಾಖಲೆಗಳೂ ಸೇರಿವೆ. ಕಾಗದವೇ ಇಲ್ಲದ ನೋಟಿನ ಚಿತ್ರ, ಎಐ ಬಿಡಿಸಿದ್ದಾಗಲಿ, ವಾಟ್ಸ್‌ಆ್ಯಪ್‌ನಲ್ಲಿ ಓಡಾಡುವ ತಮಾಷೆಯದ್ದಾಗಲಿ, 182ರ ‘ನೋಟನ್ನು ಹೋಲುವ ದಸ್ತಾವೇಜು’ ಆಗುತ್ತದೆಯೇ? ವ್ಯಾಖ್ಯೆಯಲ್ಲಿ ‘ಸಾಕ್ಷ್ಯವಾಗಿ ಬಳಸಬಹುದಾದ’ ಎಂಬ ಷರತ್ತೂ ಇರುವುದರಿಂದ ಆಗದು ಎಂದು ವಾದಿಸಬಹುದು. ನನ್ನ ಓದಿನಲ್ಲಿ ತಮಾಷೆಯ ಚಿತ್ರ ಪಾರಾಗುತ್ತದೆ. ಹಣ ಇದೆಯೆಂದು ನಂಬಿಸಲು ಕಳಿಸಿದ ನೋಟಿನ ರಾಶಿಯ ಚಿತ್ರ ಪಾರಾಗದು. ತಂತ್ರಾಂಶ ಕಂಪನಿಗಳು ಕಾನೂನಿಗೆ ಕಾದಿಲ್ಲ. 2003ರ ಫೋಟೋಶಾಪ್ ಸಿಎಸ್‌ನಿಂದಲೇ ಕೆಲವು ದೇಶಗಳ ನೋಟಿನ ಸ್ಕ್ಯಾನ್ ತೆರೆಯಲು ಹೋದರೆ ತಂತ್ರಾಂಶ ತಡೆಯುತ್ತದೆ. ಅನೇಕ ಕಲರ್ ಕಾಪಿಯರುಗಳು ನೋಟಿನಲ್ಲಿ ಹುದುಗಿಸಿದ ಐದು ಪುಟ್ಟ ವೃತ್ತಗಳ ವಿನ್ಯಾಸ ಕಂಡೊಡನೆ ಕೈಚೆಲ್ಲುತ್ತವೆ.

ಕೈಗೆ ಬಂದಾಗ

ರಿಸರ್ವ್ ಬ್ಯಾಂಕಿನ ವಾರ್ಷಿಕ ವರದಿಯ ಪ್ರಕಾರ 2024-25ರಲ್ಲಿ ಬ್ಯಾಂಕುಗಳಲ್ಲಿ ಪತ್ತೆಯಾದ ಖೋಟಾನೋಟು 2,17,396. ಒಟ್ಟು ಹಿಂದಿನ ವರ್ಷಕ್ಕಿಂತ ಕೊಂಚ ಇಳಿದಿದೆ. 500ರವು ಮಾತ್ರ ಶೇ 37ರಷ್ಟು ಏರಿ 1,17,722 ಆಗಿವೆ. ಬ್ಯಾಂಕಿಗೆ ಬಾರದೆ ಸಂತೆಯಲ್ಲೇ ಸುತ್ತುವವು ಈ ಲೆಕ್ಕದಲ್ಲಿಲ್ಲ.

500ರ ನೋಟನ್ನು ಪರೀಕ್ಷಿಸಲು ಹತ್ತು ಸೆಕೆಂಡು ಸಾಕು. ಎಡ ಬಲ ಅಂಚಿನ ಐದೈದು ಓರೆಗೆರೆಗಳ ಮೇಲೆ ಹೆಬ್ಬೆರಳು ಆಡಿಸಿ, ಉಬ್ಬು ತಾಕಬೇಕು. ಗಾಂಧೀಜಿ ಚಿತ್ರ, ಅಶೋಕ ಸ್ತಂಭವೂ ಉಬ್ಬೇ. ಇಂಕ್‌ಜೆಟ್‌ನಲ್ಲಿ ಮಾಡಿದ್ದು ಚಪ್ಪಟೆ. ಆದರೆ ಸವೆದ ಅಸಲಿ ನೋಟಿನ ಉಬ್ಬೂ ಹೋಗಿರುತ್ತದೆ, ಆದ್ದರಿಂದ ಇದೊಂದನ್ನೇ ನಂಬಬೇಡಿ. ನೋಟನ್ನು ಓರೆ ಮಾಡಿ: ಭದ್ರತಾ ದಾರವೂ ಕೆಳಗೆ ಬಲಮೂಲೆಯ 500 ಅಂಕಿಯೂ ಹಸಿರಿನಿಂದ ನೀಲಿಗೆ ತಿರುಗಬೇಕು. ಅಂಟಿಸಿದ ಹೊಳಪಿನ ಪಟ್ಟಿ ಮಿನುಗುತ್ತದೆ, ಬಣ್ಣ ಬದಲಿಸುವುದಿಲ್ಲ. ಬೆಳಕಿಗೆ ಹಿಡಿಯಿರಿ: ವಾಟರ್‌ಮಾರ್ಕ್ ಇರುವುದು ಕಾಗದದ ದಪ್ಪ ತೆಳುವಿನಲ್ಲಿ, ಹಾಗಾಗಿ ನೆರಳು ಮೆಲ್ಲಗೆ ಇಳಿಯುತ್ತದೆ. ಖೋಟಾದಲ್ಲಿ ತಿಳಿಶಾಯಿಯಲ್ಲಿ ಮುದ್ರಿಸಿರುತ್ತಾರೆ, ಬೆಳಕಿಗೆ ಹಿಡಿಯದೆಯೂ ಕಂಡುಬಿಡುತ್ತದೆ. ಮುಂದೆ ಹಿಂದೆ ಅರ್ಧರ್ಧ ಮುದ್ರಿಸಿದ 500 ಅಂಕಿ ಬೆಳಕಿನಲ್ಲಿ ಕೂಡಿಕೊಳ್ಳಬೇಕು. ನೋಟಿನ ಪ್ರೆಸ್ಸಿನಲ್ಲಿ ಈ ಎರಡೂ ಬದಿಗೆ ಒಂದೇ ಓಟದಲ್ಲಿ ಅಚ್ಚು ಬೀಳುತ್ತದೆ. ಮನೆಯ ಪ್ರಿಂಟರಿನಲ್ಲಿ ಹಾಳೆ ಮಗುಚಿ ಹಾಕಬೇಕು, ಅಲ್ಲೇ ಕೂದಲೆಳೆಯಷ್ಟಾದರೂ ತಪ್ಪುತ್ತದೆ. ನೇರಳಾತೀತ ದೀಪವಿದ್ದರೆ ಇನ್ನೂ ಸುಲಭ: ಹತ್ತಿಯ ಕಾಗದ ಮಂಕಾಗಿಯೇ ಇರುತ್ತದೆ, ಅಂಗಡಿ ಕಾಗದ ಬೆಳ್ಳಗೆ ಹೊಳೆಯುತ್ತದೆ.

ಸಂಖ್ಯೆಯ ನಡುವೆ ನಕ್ಷತ್ರವಿದ್ದರೆ ಖೋಟಾ, ಹಸಿರು ಪಟ್ಟಿ ಗಾಂಧೀಜಿಗೆ ಹತ್ತಿರವಿದ್ದರೆ ಖೋಟಾ ಎಂಬ ಫಾರ್ವರ್ಡುಗಳು ಎರಡೂ ಸುಳ್ಳು. ಮುದ್ರಣದಲ್ಲಿ ಕೆಟ್ಟ ನೋಟಿನ ಬದಲಿಗೆ ಇಟ್ಟದ್ದಕ್ಕೆ ನಕ್ಷತ್ರ ಹಾಕುತ್ತಾರೆ; ರಿಸರ್ವ್ ಬ್ಯಾಂಕ್ 2023ರ ಜುಲೈನಲ್ಲಿ ಇದನ್ನು ಸ್ಪಷ್ಟಪಡಿಸಿದೆ.

ಬ್ಯಾಂಕಿನ ಕೌಂಟರಿನಲ್ಲಿ ಖೋಟಾ ಎಂದು ಕಂಡರೆ 5 ಸೆಂ.ಮೀ. ಚೌಕದ ಮುದ್ರೆ ಒತ್ತಿ ಜಪ್ತಿ ಮಾಡುತ್ತಾರೆ. ಹಣ ಖಾತೆಗೆ ಸೇರದು, ನೋಟು ವಾಪಸ್ ಬಾರದು. ‘ಹರಿದು ಬಿಸಾಕಿ’ ಎಂದು ಕೇಳಿಕೊಂಡರೂ ಕ್ಯಾಷಿಯರ್ ಹಾಗೆ ಮಾಡುವಂತಿಲ್ಲ. ಕೊಟ್ಟವರಿಗೆ ರಸೀದಿ ಕೊಡಲೇಬೇಕು; ನೀವು ಸಹಿ ಹಾಕಲು ಒಪ್ಪದಿದ್ದರೂ ಕೊಡಬೇಕು. ಆ ರಸೀದಿ ಜೋಪಾನ, ನೀವಾಗಿಯೇ ಕೌಂಟರಿಗೆ ತಂದಿರಿ ಎಂಬುದಕ್ಕೆ ಅದೇ ಪುರಾವೆ. ಒಂದು ವ್ಯವಹಾರದಲ್ಲಿ ನಾಲ್ಕರವರೆಗೆ ಸಿಕ್ಕರೆ ತಿಂಗಳ ಕೊನೆಗೆ ಒಟ್ಟಾಗಿ ಪೊಲೀಸರಿಗೆ ವರದಿ. ಐದು ಅಥವಾ ಹೆಚ್ಚಾದರೆ ಕೂಡಲೇ ಎಫ್‌ಐಆರ್. ಹೀಗಾಗಿ ಸಂತೆ ದಿನದ ಗಲ್ಲಾ ತುಂಬಿದವರು ಬ್ಯಾಂಕಿಗೆ ಹೋಗುವ ಮುನ್ನ 500ರ ಕಟ್ಟನ್ನು ಒಮ್ಮೆ ಓರೆ ಮಾಡಿ ನೋಡಿಕೊಳ್ಳುವುದು ಒಳಿತು.

ಗೊತ್ತಿಲ್ಲದೆ ಇಟ್ಟುಕೊಂಡದ್ದು ಅಪರಾಧವಲ್ಲ. 1979ರಲ್ಲಿ ಕರ್ನಾಟಕದ್ದೇ ಒಂದು ಪ್ರಕರಣದಲ್ಲಿ, ಮಮ್ಮುಟ್ಟಿ ಎಂಬುವರ ಮೇಲ್ಮನವಿಯಲ್ಲಿ, ನೋಡಿದೊಡನೆ ಯಾರಿಗಾದರೂ ಖೋಟಾ ಎಂದು ಹೊಳೆಯುವಂತಿರದಿದ್ದರೆ ಬರೀ ಕೈಯಲ್ಲಿತ್ತು ಎಂಬುದರಿಂದ ಅರಿವನ್ನು ಊಹಿಸಲಾಗದೆಂದು ಸುಪ್ರೀಂ ಕೋರ್ಟ್ ಹೇಳಿತು. 2001ರ ಉಮಾಶಂಕರ್ ಪ್ರಕರಣದಲ್ಲೂ ಅದೇ: ಅರಿವು ರುಜುವಾಗದೆ ಶಿಕ್ಷೆಯಿಲ್ಲ. ಹೊಸ ಸಂಹಿತೆ 180ರಲ್ಲಿ ಒಂದು ವಿವರಣೆ ಸೇರಿಸಿ, ಕಾನೂನುಬದ್ಧ ಮೂಲದಿಂದ ಬಂತೆಂದು ತೋರಿಸಿದರೆ ಅಪರಾಧವಲ್ಲ ಎಂದಿದೆ. ಆದರೆ ಗೊತ್ತಾದ ಕ್ಷಣದಿಂದ ಲೆಕ್ಕ ಬದಲಾಗುತ್ತದೆ. ‘ನನಗೂ ಯಾರೋ ಟೋಪಿ ಹಾಕಿದರು, ನಾನೂ ದಾಟಿಸಿದೆ’ ಎನ್ನುವವರಿಗೆ ನಾಣ್ಯದ ವಿಷಯದಲ್ಲಿ ಹಳೆಯ ಐಪಿಸಿ ಕೊಂಚ ಕರುಣೆ ತೋರಿತ್ತು. ನೋಟಿಗೆ ಆ ಕರುಣೆ ಆಗಲೂ ಇರಲಿಲ್ಲ. ನೇರ 179.

ಪ್ರೆಸ್ಸಿನವರಿಗೆ

500ರ ನೋಟಿನಂಥ ಮದುವೆ ಕಾರ್ಡು ಬರೀ 182ಕ್ಕೆ ನಿಲ್ಲುವುದಿಲ್ಲ. ಅಶೋಕ ಸ್ತಂಭದ ಲಾಂಛನ ಹಾಕಿದರೆ 2005ರ ರಾಜ್ಯ ಲಾಂಛನ ಕಾಯ್ದೆ: ಎರಡು ವರ್ಷದವರೆಗೆ ಸಜೆ ಅಥವಾ 5000 ರೂಪಾಯಿವರೆಗೆ ದಂಡ. ವ್ಯಾಪಾರಕ್ಕೆ ಗಾಂಧೀಜಿ ಚಿತ್ರ ಬಳಸಿದರೆ 1950ರ ಲಾಂಛನ ಮತ್ತು ಹೆಸರುಗಳ ಕಾಯ್ದೆ. ಸ್ಕ್ಯಾನ್ ಮಾಡಿ ಗೆರೆ ಎತ್ತಿದರೆ ಕೃತಿಸ್ವಾಮ್ಯ. ಒಂದು ಕಾರ್ಡಿಗೆ ನಾಲ್ಕು ಕಾನೂನು.

ಒಳ್ಳೆಯ ಮಾತಿನಲ್ಲಿ ಬೇಡವೆನ್ನುವುದೇ ಸುರಕ್ಷಿತ. ಗಿರಾಕಿ ಒಪ್ಪುವುದೇ ಇಲ್ಲವಾದರೆ ಹೊರದೇಶದ ಅಳತೆ ಎರವಲು ತನ್ನಿ. 500ರ ನೋಟು 66ಕ್ಕೆ 150 ಮಿ.ಮೀ. ಮುಕ್ಕಾಲು ಎಂದರೆ 49.5ಕ್ಕೆ 112.5, ಒಂದೂವರೆ ಪಟ್ಟು ಎಂದರೆ 99ಕ್ಕೆ 225. ಕಾರ್ಡು ಈ ಎರಡರ ನಡುವೆ ಬೀಳದಿರಲಿ. ಒಂದೇ ಬದಿ ಮುದ್ರಿಸಿ, ಬೂದು ಬಿಟ್ಟು ಬೇರೆ ಬಣ್ಣ ಹಾಕಿ, ಬ್ಯಾಂಕಿನ ಹೆಸರು, ಗವರ್ನರ್ ಸಹಿ, ‘ಕೊಡುವ ವಾಗ್ದಾನ’ದ ಸಾಲು, ಸಂಖ್ಯೆ, ಲಾಂಛನ ಎಲ್ಲ ತೆಗೆಯಿರಿ, ಗಾಂಧೀಜಿಯ ಜಾಗದಲ್ಲಿ ವಧುವರರೇ ಕೂರಲಿ. ಇಷ್ಟಾದ ಮೇಲೂ ‘ಯಾವುದೇ ರೀತಿಯಲ್ಲಿ ಹೋಲುವ’ ಎಂಬ ಮಾತಿನಿಂದ ಪೂರ್ತಿ ತಪ್ಪಿಸಿಕೊಂಡಿರಿ ಎಂದು ಯಾವ ವಕೀಲರೂ ಬರೆದುಕೊಡಲಾರರು. ಆರ್ಡರ್ ಕೊಟ್ಟವರ ಹೆಸರು, ವಿಳಾಸ ಬಿಲ್ ಪುಸ್ತಕದಲ್ಲಿ ಇರಲಿ. 182ರ ಎರಡನೇ ಉಪಕಲಂ ಪ್ರಕಾರ, ಕಾಗದದ ಮೇಲೆ ಯಾರ ಹೆಸರಿದೆಯೋ ಅವರು ಅದನ್ನು ಎಲ್ಲಿ ಅಚ್ಚುಹಾಕಿಸಿದಿರಿ ಎಂದು ಪೊಲೀಸರು ಕೇಳಿದಾಗ ಬಾಯಿಬಿಡದಿದ್ದರೆ ಅದಕ್ಕೆ ಬೇರೆ ದಂಡವಿದೆ, 600 ರೂಪಾಯಿವರೆಗೆ. ಮದುವೆ ಕಾರ್ಡಿನ ಮೇಲೆ ಇರುವ ಹೆಸರು ಯಾರದ್ದೆಂದು ಬೇರೆ ಹೇಳಬೇಕಿಲ್ಲ.